ದೊಡ್ಡಮ್ಮನ ಕರಿಮಣ್ಣು

ದೊಡ್ಡಮ್ಮನಿಗೆ ಹುಬ್ಬುಗಳಿರಲಿಲ್ಲ. ಹುಟ್ಟಿನಿಂದ ಇಲ್ಲದ್ದಲ್ಲ, ಸುಟ್ಟು ಹೋದದ್ದು. ಹೊಗೆಯಾಡುವ ಮಣ್ಣಿನ ರಾಶಿಯ ಮೇಲೆ ಬಗ್ಗಿ, ಎಲ್ಲಿ ಬಿರುಕು ಬಿಟ್ಟಿದೆ, ಎಲ್ಲಿ ಬೆಂಕಿ ಹೊರಗೆ ಇಣುಕುತ್ತಿದೆ ಎಂದು ನೋಡಿ ನೋಡಿಯೇ ಆ ಎರಡು ಗೆರೆಗಳು ಕರಟಿ ಹೋಗಿದ್ದವು. ಮಳೆಗಾಲದಲ್ಲಿ ಸ್ವಲ್ಪ ಚಿಗುರುತ್ತಿದ್ದವು, ಮಳೆ ನಿಂತು ಕೆಲಸ ಶುರುವಾದರೆ ಮತ್ತೆ ಬೋಳು. ಹುಬ್ಬಿಲ್ಲದ ಮುಖಕ್ಕೆ ಸಿಟ್ಟು ಬಂದರೆ ಹೇಗೆ ಕಾಣುತ್ತದೆ ಎಂದು ಬರೆದು ತೋರಿಸುವುದು ಕಷ್ಟ. ಹಣೆಯೆಲ್ಲ ಕೆಳಗಿಳಿದು ಕಣ್ಣಿನ ಮೇಲೆ ಕೂತ ಹಾಗಿರುತ್ತಿತ್ತು. ಆ ಮುಖಕ್ಕೆ ಸಿಟ್ಟು ಬಾರದ ದಿನವನ್ನು ನಾನು ನೋಡಿದ್ದು ಕಡಿಮೆ.

ಅವರು ನನ್ನ ತಾಯಿಯ ಅಕ್ಕ. ಹೆಸರು ಬರೆಯುವುದಿಲ್ಲ. ದೊಡ್ಡಮ್ಮನ ಹೆಸರು ಬರೆದರೆ ಮಾವನ ಹೆಸರೂ ಬರೆಯಬೇಕಾಗುತ್ತದೆ, ಅವರ ಹೆಸರು ಅಚ್ಚಿನಲ್ಲಿ ಬರುವ ಮರ್ಯಾದೆಯನ್ನು ನನ್ನ ಕೈಯಾರೆ ಕೊಡುವಷ್ಟು ದೊಡ್ಡ ಮನಸ್ಸು ನನಗೆ ಈ ವಯಸ್ಸಿನಲ್ಲೂ ಬಂದಿಲ್ಲ. ಮಾವ ಎಂದರೆ ದೊಡ್ಡಮ್ಮನಿಗೂ ನನ್ನ ತಾಯಿಗೂ ಅಣ್ಣ, ನಮ್ಮ ಕುಟುಂಬದ ಯಜಮಾನರು. ಕೂಳೂರು ಹೊಳೆಯ ಸಂಕದ ಆಚೆ, ಬೈಕಂಪಾಡಿಯಲ್ಲಿ ನಮ್ಮ ಕುಟುಂಬದ ಮನೆ. ಆಗ ಅಲ್ಲಿ ಕಾರ್ಖಾನೆಯೂ ಇಲ್ಲ, ಗೋದಾಮೂ ಇಲ್ಲ. ಮರಳು, ತೆಂಗು, ದೂರದಲ್ಲಿ ಸಮುದ್ರದ ಸದ್ದು.

ನಮ್ಮದು ಹೆಣ್ಣಿನ ಕಡೆಯಿಂದ ಆಸ್ತಿ ಇಳಿಯುವ ಅಳಿಯಸಂತಾನದ ಪದ್ಧತಿ. ಕೇಳಿದವರು ‘ಓಹೋ, ನಿಮ್ಮಲ್ಲಿ ಹೆಂಗಸರದ್ದೇ ರಾಜ್ಯ’ ಎನ್ನುತ್ತಾರೆ. ರಾಜ್ಯ ಹೆಂಗಸರದ್ದು, ಬೀಗದ ಕೈ ಗಂಡಸರದ್ದು. ಅದರಲ್ಲೂ ಮಕ್ಕಳಿಲ್ಲದ ಹೆಣ್ಣಾದರೆ ಆಕೆಯ ಪಾಲು ಉಸಿರಿರುವ ತನಕ ಮಾತ್ರ, ಉಸಿರು ಹೋದ ಮೇಲೆ ಅದು ಮತ್ತೆ ಕುಟುಂಬಕ್ಕೆ. ಸ್ವಾತಂತ್ರ್ಯ ಬಂದ ಮೇಲೆ ಮದ್ರಾಸಿನವರ ಕಾನೂನಿನಿಂದ ಕುಟುಂಬಗಳು ಪಾಲಾಗತೊಡಗಿದಾಗ ನಮ್ಮದೂ ಆಯಿತು. ಚಾವಡಿಯಲ್ಲಿ ಹಿರಿಯರು ಕೂತು ಹಂಚಿದರು. ಬೈಕಂಪಾಡಿಯ ಮನೆ, ಅದರ ಗದ್ದೆ, ತೋಟ ಮಾವನ ಕೈಯಲ್ಲಿ ಉಳಿಯಿತು. ನನ್ನ ತಾಯಿಗೆ ಒಂದಿಷ್ಟು ಗದ್ದೆ ಬಂತು. ಗಂಡ ತೀರಿಕೊಂಡು ತವರಿಗೆ ಮರಳಿದ್ದ, ಮಕ್ಕಳಿಲ್ಲದ ದೊಡ್ಡಮ್ಮನಿಗೆ ಪೇಟೆಯ ಆ ಬದಿಯ ಕುಲಶೇಖರದ ಗುಡ್ಡೆ. ಗುಡ್ಡೆ ಎಂದರೆ ಬರೀ ಕೆಂಪು ಮುರಕಲ್ಲು, ಮೇಲೊಂದು ಹಂಚಿನ ಸಣ್ಣ ಮನೆ. ಅಲ್ಲಿ ಮುಳಿಹುಲ್ಲು ಬಿಟ್ಟರೆ ಬೇರೆ ಏನೂ ಏಳುತ್ತಿರಲಿಲ್ಲ.

‘ಅಲ್ಲಿ ಎಂತ ಬೆಳೀತದೆ ಅಣ್ಣ?’ ಎಂದು ದೊಡ್ಡಮ್ಮ ಕೇಳಿದ್ದಕ್ಕೆ ಮಾವ ಎಲೆಯಡಿಕೆ ಉಗಿದು ಬಂದು, ಎಲ್ಲರಿಗೂ ಕೇಳುವ ಹಾಗೆ, ‘ಹೆರದ ಹೆಂಗಸಿಗೆ ಬೆಳೆಯದ ನೆಲ, ಸರಿಯೇ ಆಯ್ತಲ್ಲ’ ಎಂದರು. ನಾಲ್ಕು ಜನ ನಕ್ಕರು. ನಕ್ಕವರಲ್ಲಿ ಹೆಂಗಸರೂ ಇದ್ದರು. ನಾನು ಬಾಗಿಲ ಬಳಿ ನಿಂತಿದ್ದೆ, ಆಗ ನನಗೆ ಹತ್ತೊಂಬತ್ತೋ ಇಪ್ಪತ್ತೋ. ದೊಡ್ಡಮ್ಮ ತನ್ನ ಬಟ್ಟೆಯ ಗಂಟು ಎತ್ತಿಕೊಂಡರು, ಕೊಟ್ಟಿಗೆಗೆ ಹೋಗಿ, ತಾನು ಸಾಕಿದ ಹಸುವಿನ ಹಗ್ಗ ಬಿಚ್ಚಿ ಹಿಡಿದುಕೊಂಡು ಹೊರಟರು. ಬೈಕಂಪಾಡಿಯಿಂದ ಕುಲಶೇಖರದ ತನಕ ಹಸುವಿನ ಜೊತೆ ನಡೆದೇ ಹೋದರು.

ಟ್ರೈನಿಂಗ್ ಮುಗಿಸಿ ನನಗೆ ಪೇಟೆಯ ಶಾಲೆಯೊಂದರಲ್ಲಿ ಟೀಚರ್ ಕೆಲಸ ಸಿಕ್ಕಿದಾಗ ನಾನು ಉಳಿದುಕೊಂಡದ್ದು ಆ ಗುಡ್ಡೆಯ ಮನೆಯಲ್ಲಿ. ಬೆಳಿಗ್ಗೆ ಪೇಟೆಯ ಹಂಪನಕಟ್ಟೆಗೆ ಬಸ್ಸು, ಸಂಜೆ ಅದೇ ಬಸ್ಸಿನಲ್ಲಿ ವಾಪಸ್ಸು. ಮೊದಲ ವಾರ ನನಗೆ ಅಲ್ಲಿ ನಿದ್ದೆ ಬರಲಿಲ್ಲ, ಮೂಗಿನ ತುಂಬ ಹೊಗೆ. ಸೀರೆಗೆ ಹೊಗೆ, ತಲೆಗೂದಲಿಗೆ ಹೊಗೆ, ಮಕ್ಕಳ ಕಾಪಿ ಪುಸ್ತಕಕ್ಕೂ ಹೊಗೆ. ಶಾಲೆಯಲ್ಲಿ ಮಕ್ಕಳು ನನ್ನನ್ನು ಹಿಂದಿನಿಂದ ಹೊಗೆ ಟೀಚರ್ ಎನ್ನುತ್ತಿದ್ದರು. ಈ ಸಂಗತಿ ಹೇಳಿದ್ದಕ್ಕೆ ದೊಡ್ಡಮ್ಮ, ‘ಅವರ ಮನೆಯಲ್ಲಿ ಅನ್ನ ಬೇಯುವುದು ಎಂತದ್ದರಲ್ಲಿ? ಗಾಳಿಯಲ್ಲಾ?’ ಎಂದು ನನಗೂ ಮಕ್ಕಳಿಗೂ ಸೇರಿಸಿ ಬೈದರು.

ಸುಡುಮಣ್ಣು ನಮ್ಮ ಕಡೆಯವರಿಗೆ ಹೊಸತಲ್ಲ. ತರಕಾರಿ ಸಾಲಿಗೆಂದು, ಮಲ್ಲಿಗೆ ಬುಡಕ್ಕೆಂದು ತರಗೆಲೆ, ಕಸಕಡ್ಡಿ ಒಟ್ಟು ಮಾಡಿ, ಮೇಲೆ ಮಣ್ಣು ಹಾಕಿ ಸುಡುವುದು ಎಲ್ಲರ ಮನೆಯಲ್ಲೂ ಉಂಟು. ಆದರೆ ಎಲ್ಲರೂ ಮಾಡುವುದು ಬೆಂಕಿ ಹಾಕಿ ಮಲಗುವ ಕೆಲಸ. ಬೆಳಗಾಗುವಾಗ ಒಂದು ಬುಟ್ಟಿ ಬಿಳಿ ಬೂದಿ, ಸುತ್ತ ಇಟ್ಟಿಗೆಯಂತೆ ಸುಟ್ಟ ಮಣ್ಣು. ದೊಡ್ಡಮ್ಮನಿಗೆ ಬೂದಿ ಕಂಡರೆ ಆಗುತ್ತಿರಲಿಲ್ಲ. ‘ಬೂದಿ ಎಂದರೆ ಸೋಮಾರಿಯ ಕೆಲಸ. ಒಂದು ಮಳೆಗೆ ಓಡಿ ಹೋಗ್ತದೆ. ಕರಿ ಹಾಗಲ್ಲ, ಕೂತ್ರೆ ಕೂತಿತು’ ಎನ್ನುತ್ತಿದ್ದರು. ಕರಿ ಎಂದರೆ ಇದ್ದಿಲು. ನಮ್ಮ ಮಳೆ ಗೊತ್ತಲ್ಲ, ಹಾಕಿದ ಗೊಬ್ಬರವನ್ನೆಲ್ಲ ತೊಳೆದು ನೇತ್ರಾವತಿಗೆ ಕೊಟ್ಟು ಬರುವ ಮಳೆ. ಅದರ ಎದುರು ಮುರಕಲ್ಲಿನ ಮೇಲೆ ಏನನ್ನಾದರೂ ನಿಲ್ಲಿಸುವುದಿದ್ದರೆ ಅದು ಕರಿಯೇ ಎಂದು ಅವರ ಹಟ.

ಅವರು ರಾಶಿ ಕಟ್ಟುವುದನ್ನು ನೋಡಬೇಕಿತ್ತು. ಅಡಿಯಲ್ಲಿ ತೆಂಗಿನ ಸಿಪ್ಪೆ, ಮೇಲೆ ಬಾಳೆಯ ಒಣದಿಂಡು, ಮಾರ್ಕೆಟ್ಟಿನಿಂದ ತಂದ ಬೈಹುಲ್ಲು, ಅಕ್ಕಿ ಮಿಲ್ಲಿನ ಉಮಿ, ಮರದ ಡಿಪೋದ ತೊಗಟೆ. ಎಲ್ಲವೂ ಒಣಗಿರಬೇಕು. ಅದರ ಮೇಲೆ ಹಸಿಸೊಪ್ಪು, ಸೊಪ್ಪಿನ ಮೇಲೆ ಮಣ್ಣು. ಗಾಳಿ ಬರುವ ಕಡೆ ಒಂದು ಬಾಯಿ ಬಿಟ್ಟು ಕಿಚ್ಚು ಕೊಟ್ಟು, ಕಿಚ್ಚು ಒಳಗೆ ಹೋಯಿತು ಎಂದ ಕೂಡಲೇ ಆ ಬಾಯಿಯನ್ನೂ ಮುಚ್ಚುವುದು. ಆಮೇಲೆ ನಾಲ್ಕೈದು ದಿನ ಅದರ ಕಾವಲು. ಹೊಗೆ ಬೆಳ್ಳಗೆ ಬರುತ್ತಿರುವಷ್ಟು ಹೊತ್ತು ಸುಮ್ಮನಿರುವುದು, ನೀಲಿಗೆ ತಿರುಗಿದ ಜಾಗಕ್ಕೆ ಒಂದು ಬುಟ್ಟಿ ಮಣ್ಣು. ಕೊನೆಗೆ ನೀರು ಹೊಯ್ದು ತಣಿಸಿ ಬಿಡಿಸಿದರೆ ಒಳಗೆ ಸಿಪ್ಪೆ ಸಿಪ್ಪೆಯಾಗಿಯೇ, ದಿಂಡು ದಿಂಡಾಗಿಯೇ ಕಪ್ಪಗೆ ಕೂತಿರಬೇಕು. ಕೈಯಲ್ಲಿ ಮುರಿದರೆ ‘ಟಿಣ್’ ಎನ್ನಬೇಕು. ಎನ್ನದಿದ್ದರೆ ಆ ದಿನ ಮನೆಯಲ್ಲಿ ಯಾರಿಗೂ ನೆಮ್ಮದಿಯಿಲ್ಲ.

ಅಲ್ಲಿಗೂ ಮುಗಿಯಲಿಲ್ಲ. ಆ ಕರಿಯನ್ನು ಮುರಕಲ್ಲಿನ ಹೊಂಡಕ್ಕೆ ಹಾಕಿ ಗಂಜಳ, ಸೆಗಣಿ ನೀರು, ಮೀನು ತೊಳೆದ ನೀರು ಹೊಯ್ದು ತಿಂಗಳುಗಟ್ಟಲೆ ಇಡುತ್ತಿದ್ದರು. ಅದಕ್ಕೆ ಅವರ ಭಾಷೆಯಲ್ಲಿ ಹುಳಿ ಬರಿಸುವುದು ಎಂದು ಹೆಸರು. ಒಮ್ಮೆ ನಾನು ಅವಸರದಲ್ಲಿ ಹೊಸ ಕರಿಯನ್ನೇ ಒಂದು ಬೆಂಡೆಯ ಬುಡಕ್ಕೆ ಹಾಕಲು ಹೋದಾಗ ಕೈಗೆ ಹೊಡೆದರು.

‘ಹಸಿ ಕರಿ ಬಕಾಸುರ, ಗೊತ್ತುಂಟಾ? ಮೊದಲು ಅದರ ಹೊಟ್ಟೆ ತುಂಬಬೇಕು. ಹಸಿದದ್ದನ್ನು ತಂದು ಗಿಡದ ಬುಡದಲ್ಲಿ ಕೂರಿಸಿದ್ರೆ ಗಿಡದ್ದೇ ತಿಂತದೆ. ಎಲೆ ಎಲ್ಲ ಹಳದಿ ಆಗ್ತದೆ.’

‘ನಿಮಗೆ ಹೇಗೆ ಗೊತ್ತು ದೊಡ್ಡಮ್ಮ?’

‘ಮೊದಲ ವರ್ಷ ನನ್ನ ಬದನೆ ಎಲ್ಲ ಹಳದಿ ಆಗಿ ಸತ್ತಿತಲ್ಲ, ಹಾಗೆ ಗೊತ್ತು. ಇನ್ನು ಹೇಗೆ ಗೊತ್ತಾಗ್ಲಿಕ್ಕೆ? ಕನಸು ಬೀಳ್ತದಾ?’

ಹೀಗೆ ಒಂದೊಂದು ಸಾಲಾಗಿ ಗುಡ್ಡೆ ಕಪ್ಪಾಗುತ್ತಾ ಬಂತು. ಮದ್ರಾಸಿನವರು ಹೋಗಿ ನಾವು ಮೈಸೂರು ರಾಜ್ಯಕ್ಕೆ ಸೇರಿದ ವರ್ಷ ಅವರ ಹರಿವೆ ಸೊಪ್ಪು ಮೊದಲ ಬಾರಿಗೆ ಹಂಪನಕಟ್ಟೆಯ ಹೋಟೆಲುಗಳಿಗೆ ಹೋಯಿತು. ಆಮೇಲೆ ತೊಂಡೆ, ಬೆಂಡೆ, ಬಸಳೆ, ಸಾಂಬಾರಿನ ಸೌತೆ. ಹಾರೆ ಹಾಕಿದರೆ ಕಿಡಿ ಹಾರುತ್ತಿದ್ದ ನೆಲಕ್ಕೆ ಈಗ ಮೊಣಕೈ ತನಕ ಕೈ ಇಳಿಯುತ್ತಿತ್ತು. ಸಂಜೆ ನಾನು ಶಾಲೆಯಿಂದ ಬಂದಾಗ ದೊಡ್ಡಮ್ಮ ಸಾಲಿನ ನಡುವೆ ಕುಕ್ಕರುಗಾಲಿನಲ್ಲಿ ಕೂತು ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಬಿಡುತ್ತಾ ಇರುತ್ತಿದ್ದರು. ಕೆಲಸವಲ್ಲ, ಸುಮ್ಮನೆ. ಅವರ ಮುಖದಲ್ಲಿ ಸಿಟ್ಟು ಇಲ್ಲದ್ದನ್ನು ನಾನು ಕಂಡದ್ದಿದ್ದರೆ ಆಗಲೇ.

ಈಗ ಇದಕ್ಕೆ ಬಯೋಚಾರ್ ಎಂದು ಹೆಸರಂತೆ, ಚೀಲದಲ್ಲಿ ತುಂಬಿ ಮಾರುತ್ತಾರಂತೆ. ಮಾರಲಿ. ನನ್ನ ಸಿಟ್ಟು ಅವರ ಮೇಲಲ್ಲ.

ದೊಡ್ಡಮ್ಮ ಸಂತರೇನೂ ಆಗಿರಲಿಲ್ಲ. ಕೆಲಸದವರನ್ನು ಬೈದು ಓಡಿಸುತ್ತಿದ್ದರು, ಮರುದಿನ ಅವರ ಮನೆ ಬಾಗಿಲಿಗೆ ಹೋಗಿ ‘ಬರ್ಲಿಕ್ಕೆ ಎಂತ ರೋಗ?’ ಎಂದು ಕರೆಯುತ್ತಿದ್ದರು. ಇತರರ ಮಾತು ಕೇಳುವ ಅಭ್ಯಾಸವೇ ಇರಲಿಲ್ಲ. ರಾಶಿ ಬೆಂದಿದೆಯೇ ಎಂದು ತಿಳಿಯಲು ಅದರ ಮೇಲೆ ಬರಿಗಾಲಿನಲ್ಲಿ ಹತ್ತಿ ನಡೆಯುವುದು ಅವರ ಕ್ರಮ. ‘ಕುಸಿದರೆ?’ ಎಂದು ನಾನು ಕೇಳಿದ್ದುಂಟು. ‘ನೀನು ಮಕ್ಕಳಿಗೆ ಮಗ್ಗಿ ಕಲಿಸು, ನನಗೆ ಬೇಡ’ ಎಂದಿದ್ದರು. ಹಾಗೆ ಹೇಳಿದ ವರ್ಷವೇ ಮಾರ್ನಮಿ ಕಳೆದ ಮೇಲೆ ಕಟ್ಟಿದ ರಾಶಿಗಳಲ್ಲಿ ಒಂದು ಕುಸಿಯಿತು. ಬಲಗಾಲು ಮೊಣಕಾಲಿನ ತನಕ ಕೆಂಡಕ್ಕೆ ಇಳಿಯಿತು. ಕೈಗಾಡಿಯಲ್ಲಿ ಮಲಗಿಸಿ ಆಸ್ಪತ್ರೆಗೆ ಕೊಂಡುಹೋಗುವಾಗಲೂ ಅವರು ಬೈಯುತ್ತಿದ್ದದ್ದು, ಆ ತೂತನ್ನು ಮುಚ್ಚದೆ ತನ್ನ ಹಿಂದೆ ಓಡಿಬಂದ ಕೆಲಸದವಳನ್ನು.

ಆಸ್ಪತ್ರೆಯಲ್ಲಿ ಅವರು ತಿಂಗಳ ಮೇಲೆ ಇದ್ದರು. ನಾನು ಶಾಲೆ ಮುಗಿಸಿ ನೇರ ಅಲ್ಲಿಗೇ ಹೋಗುತ್ತಿದ್ದೆ, ಮನೆಯ ಕಡೆ ಹೋಗಿ ಬರಲು ಪುರುಸೊತ್ತಿರಲಿಲ್ಲ. ಹಸುವನ್ನು ಕೆಲಸದವಳು ತನ್ನ ಮನೆಗೆ ಹೊಡೆದುಕೊಂಡು ಹೋಗಿದ್ದಳು. ಒಂದು ಸಂಜೆ ಮರದ ಡಿಪೋದ ಸಾಹೇಬರು ಬಂದರು. ದೊಡ್ಡಮ್ಮನಿಗೆ ತೊಗಟೆ, ಮರದ ಹುಡಿ ಕೊಡುತ್ತಿದ್ದ ಬ್ಯಾರಿ ವ್ಯಾಪಾರಸ್ಥರು. ಕಿತ್ತಳೆ ಹಣ್ಣಿನ ಪೊಟ್ಟಣವನ್ನು ಮಂಚದ ಮೇಲಿಟ್ಟು ಬಹಳ ಹೊತ್ತು ಟೊಪ್ಪಿ ಸರಿಮಾಡಿಕೊಳ್ಳುತ್ತಾ ಕೂತರು.

‘ಅಕ್ಕೆರೇ, ಒಂದು ಮಾತು. ನಿಮ್ಮ ಜಾಗದಿಂದ ಮಣ್ಣು ತೆಗೀಲಿಕ್ಕೆ ನೀವೇ ಹೇಳಿದ್ದಾ?’

‘ಯಾವ ಮಣ್ಣು?’

‘ನಿನ್ನೆ, ಇವತ್ತು ಎರಡು ದಿನ ಎತ್ತಿನ ಗಾಡಿ ಹೋಗ್ತಾ ಉಂಟು. ನಾನು ನಿಲ್ಲಿಸಿ ಕೇಳಿದೆ. ಯಜಮಾನರು ಹೇಳಿದ್ದು, ಬೈಕಂಪಾಡಿಯ ಸೌತೆ ತೋಟಕ್ಕೆ ಅಂತ ಹೇಳಿದರು. ಸಾಲಿನ ಮಣ್ಣು ಕೆರೆದು ತೆಗ್ದಿದ್ದಾರೆ ಅಕ್ಕೆರೇ. ಅಡಿಯ ಕೆಂಪುಕಲ್ಲು ಕಾಣ್ತದೆ.’

ದೊಡ್ಡಮ್ಮ ಮಂಚದ ಸರಳು ಹಿಡಿದು ಎದ್ದು ಕೂತರು. ಅವರು ಮೊದಲು ಕೇಳಿದ ಪ್ರಶ್ನೆಯನ್ನು ನಾನು ಸಾಯುವ ತನಕ ಮರೆಯುವುದಿಲ್ಲ.

‘ರಾಶಿಗಳನ್ನು? ತಣಿಸಿ ಇಟ್ಟ ಹೊಸ ರಾಶಿಗಳನ್ನೂ ತಗೊಂಡು ಹೋದ್ರಾ?’

‘ಎಲ್ಲ ಗುಡಿಸಿ ಆಯ್ತು.’

‘ಅಯ್ಯೋ, ಅದು ಹಸಿದು ಉಂಟಲ್ಲ ಮಾರಾಯ್ರೆ. ಹಾಗೇ ಹಾಕಿದ್ರೆ ಬಳ್ಳಿ ಸಾಯ್ತದೆ!’

ಸಾಹೇಬರು ಹೋದ ಮೇಲೆ ದೊಡ್ಡಮ್ಮನಿಗೆ ಸಿಟ್ಟು ಬಂತು. ಅದುವರೆಗೆ ಬಂದದ್ದು ಸಿಟ್ಟೇ ಅಲ್ಲ ಎಂದು ಆಗ ತಿಳಿಯಿತು. ಮಂಚದಿಂದ ಇಳಿಯಲು ಹೋಗಿ ಬಿದ್ದರು, ನರ್ಸಿಗೆ ಬೈದರು, ಕಿತ್ತಳೆಯನ್ನು ಗೋಡೆಗೆ ಎಸೆದರು. ‘ಪಾಲು ಕೊಟ್ಟದ್ದು ಕಲ್ಲು. ಕಲ್ಲು ಅವರ ಕುಟುಂಬದ್ದು, ಬೇಕಾದ್ರೆ ಹೊತ್ಕೊಂಡು ಹೋಗ್ಲಿ. ಮಣ್ಣು ನನ್ನದು. ಮಣ್ಣು ಅಲ್ಲಿ ಇರ್ಲಿಲ್ಲ, ನಾನು ಮಾಡಿದ್ದು!’ ಎಂದು ವಾರ್ಡಿಗೆಲ್ಲ ಕೇಳುವ ಹಾಗೆ ಕೂಗಿದರು. ಕೂಗಿ ಕೂಗಿ ಸುಸ್ತಾದ ಮೇಲೆ ನನ್ನನ್ನು ಹತ್ತಿರ ಕರೆದು, ನಾಳೆಯೇ ಬೈಕಂಪಾಡಿಗೆ ಹೋಗಿ ಮಾವನಿಗೆ ಒಂದು ಮಾತು ಹೇಳಿ ಬರಬೇಕು ಎಂದರು. ಹೇಳಬೇಕಾದ ಮಾತು ಬೈಗುಳವಲ್ಲ. ಹೊಸ ಕರಿಯನ್ನು ಹಾಗೇ ಹಾಕಬಾರದು, ಹೊಂಡದಲ್ಲಿ ಗಂಜಳ ಹೊಯ್ದು ಇಡಬೇಕು, ಇಲ್ಲದಿದ್ದರೆ ಬಳ್ಳಿ ಹಳದಿಯಾಗಿ ಹೋಗುತ್ತದೆ.

‘ಕದ್ದವರಿಗೆ ಬುದ್ಧಿ ಬೇರೆ ಹೇಳ್ಬೇಕಾ ದೊಡ್ಡಮ್ಮ?’ ಎಂದೆ.

‘ಕದ್ದದ್ದು ಅಣ್ಣ. ಬಳ್ಳಿ ಎಂತ ಮಾಡಿತು?’

ಹೋದೆ. ಮಾವ ಜಗಲಿಯ ಆರಾಮಕುರ್ಚಿಯಲ್ಲಿದ್ದರು. ಅವರ ಹಿಂದೆ, ಮರಳಿನ ಮೇಲೆ, ನಮ್ಮ ಕಪ್ಪು ಮಣ್ಣಿನ ಸಾಲುಗಳು ಆಗಲೇ ಎದ್ದಿದ್ದವು. ನಾನು ಹೋಗುವ ಮೊದಲೇ ಹಾಕಿ ಆಗಿತ್ತು. ನಾನು ಹೇಳಿದ್ದನ್ನು ಅವರು ಕಣ್ಣು ಮುಚ್ಚಿ ಕೇಳಿದರು.

‘ಹಳದಿ ಆಗ್ತದೆ ಅಂತ ಹೇಳಿದ್ಲಾ?’

‘ಹೌದು ಮಾವ. ಗಂಜಳ ಹೊಯ್ದರೆ ಈಗಲೂ...’

‘ನೆಲ ಕುಟುಂಬದ್ದು. ಅವಳಿಗೆ ಉಂಡುಕೊಂಡು ಇರ್ಲಿಕ್ಕೆ ಕೊಟ್ಟದ್ದು. ಯಜಮಾನ ನಾನು, ಎಲ್ಲಿಂದ ಎಲ್ಲಿಗೆ ಹಾಕ್ಬೇಕು ಅಂತ ನನಗೆ ಗೊತ್ತುಂಟು. ಹೋಗಿ ಹೇಳು. ಊಟ ಮಾಡಿ ಹೋಗು.’

ಊಟ ಮಾಡದೆ ಬಂದೆ. ಬಸ್ಸಿನಲ್ಲಿ ಕೂತು ಅತ್ತೆ, ದುಃಖಕ್ಕಲ್ಲ, ಸಿಟ್ಟಿಗೆ.

ಸೌತೆ ಬಳ್ಳಿ ನಾಲ್ಕೆಲೆ ಬಿಡುವಾಗ ಹಳದಿಯಾಯಿತು. ದೊಡ್ಡಮ್ಮ ಹೇಳಿದ ಹಾಗೆಯೇ, ಅಡಿ ಎಲೆಯಿಂದ ಮೇಲಕ್ಕೆ. ತೋಟದ ತುಂಬ ಹಳದಿ. ಬೇರೆ ಊರಿನಲ್ಲಾಗಿದ್ದರೆ ‘ಆ ಹೆಂಗಸು ಹೇಳಿದ್ದು ಸರಿ’ ಎನ್ನುತ್ತಿದ್ದರು. ನಮ್ಮ ಕುಟುಂಬದಲ್ಲಿ ‘ಆ ಹೆಂಗಸು ಹೇಳಿದ್ದರಿಂದ ಹೀಗಾಯಿತು’ ಎಂದರು. ಮಕ್ಕಳಿಲ್ಲದವಳು ಆಸ್ಪತ್ರೆಯ ಮಂಚದಲ್ಲಿ ಮಲಗಿ ಕಣ್ಣೀರು ಹಾಕಿ ಹೇಳಿಕಳಿಸಿದ ಮಾತು, ತಟ್ಟದೆ ಇರುತ್ತದೆಯೇ! ಮಾವ ಜೋಯಿಸರನ್ನು ಕರೆಸಿ ಪ್ರಶ್ನೆ ಇಡಿಸಿದರು. ಜೋಯಿಸರು ಕವಡೆ ಎಣಿಸಿ, ಕುಟುಂಬದ ಹೆಣ್ಣೊಬ್ಬಳ ಬಾಯಿಯ ಶಾಪ ಕಾಣುತ್ತದೆ, ಆಕೆ ಕುಟುಂಬದ ದೈವದ ಎದುರು ತಪ್ಪು ಕಾಣಿಕೆ ಹಾಕಬೇಕು ಎಂದರು. ಹಾಕಿದರೆ ತಪ್ಪು ಒಪ್ಪಿಕೊಂಡಂತೆ. ಹಾಕದಿದ್ದರೆ ಆಕೆ ದೈವಕ್ಕೂ ಬೇಡ, ಕುಟುಂಬಕ್ಕೂ ಬೇಡ.

ಬುದ್ಧಿ ಹೇಳಿದ್ದು ಶಾಪ. ಕದ್ದದ್ದು ಯಜಮಾನಿಕೆ. ಇದನ್ನು ಬರೆಯುವಾಗ ಇವತ್ತಿಗೂ ನನ್ನ ಅಕ್ಷರ ಹಾಳಾಗುತ್ತದೆ.

ಆಸ್ಪತ್ರೆಯಿಂದ ಬಿಟ್ಟ ಮೇಲೆ ದೊಡ್ಡಮ್ಮ ಕೋಲು ಊರಿಕೊಂಡು ಬೈಕಂಪಾಡಿಗೆ ಬಂದರು. ಕುಟುಂಬದವರೆಲ್ಲ ದೈವದ ಕೋಣೆಯ ಎದುರು ಸೇರಿದ್ದರು. ನಾನು, ನನ್ನ ಅಮ್ಮ ಪಕ್ಕದಲ್ಲಿ ನಿಂತಿದ್ದೆವು. ಕುಟುಂಬದ ಹಿರಿಯರೊಬ್ಬರು ಹರಿವಾಣ ಮುಂದಿಟ್ಟು, ಮೆತ್ತಗೆ, ‘ಒಂದು ನಾಣ್ಯ ಹಾಕು ಮಗಾ. ಮಾತು ಮುಗೀತದೆ’ ಎಂದರು.

‘ಹಾಕ್ತೇನೆ. ನನ್ನ ತಪ್ಪು ಯಾವುದು ಅಂತ ಹೇಳಿ.’

‘ನಿನ್ನ ಬಾಯಿಂದ ಮಾತು ಬಿದ್ದಿದೆಯಲ್ಲ.’

‘ಬಿದ್ದಿದೆ. ಹಸಿ ಕರಿ ಹಾಕ್ಬೇಡಿ, ಗಂಜಳ ಹೊಯ್ಯಿರಿ ಅಂತ ಬಿದ್ದಿದೆ. ಅದು ಶಾಪ ಆದ್ರೆ ನಾನು ದಿನಾ ನನ್ನ ತೊಂಡೆಗೂ ಶಾಪ ಹಾಕ್ತೇನೆ.’ ಯಾರೋ ಕೆಮ್ಮಿದರು. ದೊಡ್ಡಮ್ಮ ಮಾವನ ಕಡೆ ತಿರುಗಿದರು. ‘ಅಣ್ಣ, ದೈವದ ಎದುರು ನಿಂತಿದ್ದೇವೆ. ಕಾಣಿಕೆ ಹಾಕುವ. ಇನ್ನೊಬ್ಬರ ಮಣ್ಣು ಕದ್ದವರು ಮೊದಲು ಹಾಕ್ಲಿ, ಅವರ ಹಿಂದೆ ನಾನು ಹಾಕ್ತೇನೆ.’

ಮಾವ ಕಂಬ ನೋಡಿದರು. ದೊಡ್ಡಮ್ಮ ‘ಸೆಗಣಿ ನೀರಾದ್ರೂ ಹೊಯ್ಯಿರಿ. ಬುಡಕ್ಕೆ ಅಲ್ಲ, ಒಂದು ಗೇಣು ದೂರಕ್ಕೆ’ ಎಂದು ಹೇಳಿ, ಕೋಲು ಊರಿಕೊಂಡು ಅಂಗಳಕ್ಕಿಳಿದರು. ನಾನು ಅವರ ಹಿಂದೆ ಓಡಿದೆ. ಆ ದಿನದ ಹಾಗೆ ನಾನು ಯಾರ ಹಿಂದೆಯೂ ಅಷ್ಟು ಹೆಮ್ಮೆಯಿಂದ ನಡೆದಿಲ್ಲ.

ಆದರೆ ಅಮ್ಮ ನಮ್ಮ ಜೊತೆ ಬರಲಿಲ್ಲ. ಅಮ್ಮನಿಗೆ ದೈವವೆಂದರೆ ಹೆದರಿಕೆ, ಅಣ್ಣನೆಂದರೆ ಅದಕ್ಕಿಂತ ಹೆಚ್ಚು ಹೆದರಿಕೆ. ನಾವು ಗೇಟು ದಾಟುವಷ್ಟರಲ್ಲಿ ಸೆರಗಿನ ಗಂಟು ಬಿಚ್ಚಿ, ಅಕ್ಕನ ಪರವಾಗಿ ಎಂದು ಹೇಳಿ, ಹರಿವಾಣಕ್ಕೆ ಒಂದು ನಾಣ್ಯ ಹಾಕಿಬಿಟ್ಟಿದ್ದರು. ‘ಅವಳಿಗೆ ಏನಾದರೂ ಆದರೆ?’ ಎಂದು ಆಮೇಲೆ ನನ್ನ ಹತ್ತಿರ ಅತ್ತರು. ಪ್ರೀತಿಯಿಂದಲೇ ಹಾಕಿದ್ದು, ಅದು ನನಗೆ ಗೊತ್ತು. ಗೊತ್ತಿದ್ದರೂ ನನ್ನ ಸಿಟ್ಟು ಇಳಿಯಲಿಲ್ಲ. ಆ ಒಂದು ನಾಣ್ಯದಿಂದ ಊರಿಗೆಲ್ಲ ತೀರ್ಮಾನವಾಯಿತು, ಕುಲಶೇಖರದವಳು ತಪ್ಪು ಒಪ್ಪಿಕೊಂಡಳು ಎಂದು.

ಸಂಗತಿ ತಿಳಿದ ದಿನ ದೊಡ್ಡಮ್ಮ ಅನ್ನ ಮುಟ್ಟಲಿಲ್ಲ. ‘ಅಣ್ಣ ಮಣ್ಣು ಕದ್ದ. ತಂಗಿ ನನ್ನ ಬಾಯಿ ಕದ್ದಳು’ ಎಂದರು. ಅಮ್ಮ ಬಂದಾಗ ಕುಡಿಯಲು ನೀರು ಬೆಲ್ಲ ಕೊಟ್ಟರು, ಮಾತು ಕೊಡಲಿಲ್ಲ. ಕೊನೆಯ ತನಕ ಕೊಡಲಿಲ್ಲ. ಇದು ಸರಿಯೆಂದು ನಾನು ಹೇಳುವುದಿಲ್ಲ. ಅಮ್ಮ ಆ ಮನೆಯ ಜಗಲಿಯಲ್ಲಿ ಗಂಟೆಗಟ್ಟಲೆ ಕೂತು ಹೋಗುತ್ತಿದ್ದದ್ದನ್ನು ನೋಡಿದವಳು ನಾನು.

ಮುಂದಿನದ್ದು ಇನ್ನೂ ಹೊಟ್ಟೆ ಉರಿಸುವಂಥದ್ದು. ಮಾವನ ಆಳುಗಳು ಹೇಗೂ ಹಟ್ಟಿಗೊಬ್ಬರ ಹಾಕುವವರೇ, ಮಳೆಯೂ ಬಂತು, ಆ ಮರಳಿನಲ್ಲಿ ಕೂತ ಕರಿಗೆ ತನ್ನಷ್ಟಕ್ಕೆ ಹೊಟ್ಟೆ ತುಂಬಿತು. ಮರುವರ್ಷ ಬೈಕಂಪಾಡಿಯ ಸೌತೆ ನೋಡಲು ಜನ ಬಂದರು. ಮಗುವನ್ನು ಎತ್ತಿಕೊಳ್ಳುವ ಹಾಗೆ ಎರಡು ಕೈಯಲ್ಲಿ ಎತ್ತಬೇಕು, ಅಂಥ ಕಾಯಿಗಳು. ಮಾವ ದೈವಕ್ಕೆ ತಂಬಿಲದ ಪೂಜೆ ಕೊಟ್ಟರು. ತಪ್ಪು ಕಾಣಿಕೆ ಬಿದ್ದ ಮೇಲೆ ದೈವ ಕಣ್ಣು ತೆರೆಯಿತು ಎಂದು ಎಲ್ಲರೆದುರು ಕೈಮುಗಿದರು. ಮರದ ಸಾಹೇಬರು ಈ ಸುದ್ದಿ ತಂದಾಗ ದೊಡ್ಡಮ್ಮ ರಾಶಿಗೆ ಮಣ್ಣು ಹಾಕುತ್ತಿದ್ದರು. ಬುಟ್ಟಿ ಕೆಳಗಿಟ್ಟು, ‘ಹುಳಿ ಬಂದಿರ್ಬೇಕು. ಒಳ್ಳೆಯದಾಯ್ತು’ ಎಂದರು. ನನಗೆ ತಡೆಯಲಾಗಲಿಲ್ಲ.

‘ಎಂತ ಒಳ್ಳೆಯದು ದೊಡ್ಡಮ್ಮ? ನಿಮಗೆ ಸಿಟ್ಟು ಬರುವುದಿಲ್ವಾ?’

‘ಬರ್ತದೆ. ಬಂದ್ರೆ ಎಂತ, ಕೆಲಸ ಬಿಟ್ಟು ಕೂತ್ಕೊಳ್ಳಿಕ್ಕೆ ಆಗ್ತದಾ? ಆ ಬದಿಯಲ್ಲಿ ಹೊಗೆ ನೀಲಿ ಆಗಿದೆ, ಹೋಗು, ಮಣ್ಣು ಹಾಕು.’

ಅವರು ಮತ್ತೆ ಮೊದಲಿನಿಂದ ಶುರು ಮಾಡಿದ್ದರು. ಕೆರೆದು ತೆಗೆದ ಕೆಂಪುಕಲ್ಲಿನ ಮೇಲೆ, ಸುಟ್ಟ ಕಾಲನ್ನು ಎಳೆದುಕೊಂಡು, ಒಂದೊಂದೇ ಸಾಲು. ಪುನಃ ಅಷ್ಟು ಕಪ್ಪು ಮಾಡಲು ಅವರಿಗೆ ಆಯುಷ್ಯ ಸಾಲಲಿಲ್ಲ. ಅರ್ಧ ಗುಡ್ಡೆ ಆಗಿತ್ತು, ಮಳೆ ಸುರಿಯುವ ಒಂದು ಆಟಿ ತಿಂಗಳಲ್ಲಿ ಜ್ವರ ಬಂತು, ಎದೆಗೆ ಇಳಿಯಿತು. ಜ್ವರದಲ್ಲೂ ಅವರು ಕೇಳುತ್ತಿದ್ದದ್ದು ಹೊಂಡಕ್ಕೆ ಮಳೆನೀರು ನುಗ್ಗಿದೆಯಾ, ತಡಿಕೆ ಮುಚ್ಚಿದ್ದೀಯಾ ಎಂದು. ಮುಚ್ಚಿದ್ದೇನೆ ಎಂದೆ. ಸುಳ್ಳಲ್ಲ, ಮುಚ್ಚಿದ್ದೆ. ಅವರು ಹೋದ ಬೆಳಿಗ್ಗೆ ಮಳೆ ಎಷ್ಟಿತ್ತೆಂದರೆ ಚಿತೆಯ ಕಟ್ಟಿಗೆಯನ್ನು ಸಾಹೇಬರೇ ಡಿಪೋದಿಂದ ಒಣಗಿದ್ದು ಆರಿಸಿ ಕಳಿಸಬೇಕಾಯಿತು.

ಕಾನೂನಿನಂತೆ ಗುಡ್ಡೆ ಕುಟುಂಬಕ್ಕೆ ಮರಳಿತು. ಈಗ ಅಲ್ಲಿ ಮನೆಗಳಿವೆ, ಯಾರ ಯಾರದೋ. ಅವರ ಕೈತೋಟದಲ್ಲಿ ಗಿಡ ಚೆನ್ನಾಗಿ ಬರುತ್ತಿದ್ದರೆ ಅವರಿಗೆ ಕಾರಣ ಗೊತ್ತಿರಲಾರದು.

ಬೊಜ್ಜವನ್ನು, ಎಂದರೆ ಉತ್ತರಕ್ರಿಯೆಯ ಊಟವನ್ನು, ಮಾವ ಬೈಕಂಪಾಡಿಯ ಮನೆಯಲ್ಲೇ ಮಾಡಿಸಿದರು. ಯಜಮಾನರಲ್ಲವೇ. ಚಪ್ಪರ, ಬಾಳೆಎಲೆ, ನೆಂಟರು. ಊಟದ ಪಂಕ್ತಿಯಲ್ಲಿ ನಾನು ಅಮ್ಮನ ಪಕ್ಕ ಕೂತೆ. ತಲೆಯ ಮೇಲೆ ಮಾಡಿನ ಜಂತಿಗೆ, ಬೇಸಿಗೆಯಲ್ಲಿ ಕೊಯ್ದ ಸೌತೆಗಳನ್ನು ಬಾಳೆನಾರಿನಲ್ಲಿ ಕಟ್ಟಿ ಸಾಲು ಸಾಲಾಗಿ ನೇತುಹಾಕಿದ್ದರು. ಮಳೆಗಾಲ ಮುಗಿಯುವ ತನಕ ಅವು ಕೆಡುವುದಿಲ್ಲ. ಮಾವ ತಾನೇ ಸಾಂಬಾರಿನ ಬಾಲ್ದಿ ಹಿಡಿದು ಬಡಿಸುತ್ತಾ ಬರುತ್ತಿದ್ದರು.

‘ನಾಚಿಕೆ ಮಾಡ್ಬೇಡಿ, ಹಾಕಿಸ್ಕೊಳ್ಳಿ. ತರಕಾರಿ ಎಲ್ಲ ನಮ್ಮ ತೋಟದ್ದೇ, ಪೇಟೆಯಿಂದ ತಂದದ್ದು ಒಂದೂ ಇಲ್ಲ.’

‘ಎಂಥ ಸೌತೆ ಮಾರಾಯ್ರೆ!’ ಎಂದರು ನನ್ನ ಎದುರು ಸಾಲಿನಲ್ಲಿ ಕೂತ ನೆಂಟರೊಬ್ಬರು. ‘ಈ ಮರಳಿನಲ್ಲಿ ಹೀಗೆ ಬೆಳೀತದಾ?’

‘ಎಲ್ಲ ದೈವದ ದಯೆ’ ಎಂದರು ಮಾವ.

‘ಮಾವ’ ಎಂದೆ. ನನ್ನ ಸ್ವರ ನನಗೇ ಗುರುತು ಸಿಗಲಿಲ್ಲ, ಅಷ್ಟು ದೊಡ್ಡದಾಗಿತ್ತು. ‘ತೋಟ ನಿಮ್ಮದು. ಮಣ್ಣು ದೊಡ್ಡಮ್ಮನದು. ನೀವು ಕದ್ದದ್ದು. ಇವತ್ತು ಅವರ ಬೊಜ್ಜಕ್ಕೆ ಬಂದವರಿಗೆಲ್ಲ ಅವರೇ ಬಡಿಸ್ತಾ ಇದ್ದಾರೆ. ನೀವು ಬಾಲ್ದಿ ಹಿಡ್ಕೊಂಡದ್ದು ಅಷ್ಟೆ.’

ಪಂಕ್ತಿಯಲ್ಲಿ ಕೈಗಳೆಲ್ಲ ನಿಂತವು. ಅಮ್ಮ ನನ್ನ ಸೆರಗು ಜಗ್ಗಿ, ‘ಏಳು ಮಗಾ, ಹೋಗುವ’ ಎಂದು ಅಳತೊಡಗಿದರು. ನಾನು ಏಳಲಿಲ್ಲ. ಬೊಜ್ಜದ ಎಲೆಯನ್ನು ನಡುವೆ ಬಿಟ್ಟು ಎದ್ದರೆ ಅವಮಾನ ಸತ್ತವರಿಗೆ, ಬಡಿಸಿದವರಿಗಲ್ಲ. ಮಾವ ನನ್ನ ಎಲೆಯ ಮುಂದೆ ನಿಂತಿದ್ದರು. ಮುಖ ಬಿಳಿಚಿತ್ತು.

‘ಸಾಂಬಾರು ಹಾಕಿ ಮಾವ’ ಎಂದೆ. ‘ಹೋಳು ಹಾಕಿ. ಬರೀ ರಸ ಬೇಡ.’

ಅವರು ಬಗ್ಗಿದರು. ಬಾಲ್ದಿಯ ತಳದಿಂದ ಸೌಟು ಎತ್ತಿ ಹೋಳು ಬಡಿಸಿದರು. ನಾನು ಇನ್ನೊಂದು ಸಲ ಕೇಳಿದೆ. ಇನ್ನೊಂದು ಸಲ ಬಗ್ಗಿದರು. ಹೊಟ್ಟೆ ಬಿರಿಯುವ ಹಾಗಿತ್ತು. ಆದರೂ ಅನ್ನದ ಒಂದು ಅಗುಳು, ಸೌತೆಯ ಒಂದು ಚೂರು ಬಿಡದೆ ಪೂರ್ತಿ ಉಂಡೆ.